ಹುಟ್ಟಿದಾಗಿನ ತೂಕ, ನಡುವಯಸ್ಸಿನ ಸಕ್ಕರೆ

ಮಧುಮೇಹವೆಂದರೆ ಕುಳಿತು ಉಣ್ಣುವವರ, ಸ್ಥೂಲದೇಹಿಗಳ ಕಾಯಿಲೆ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಲವಾಗಿದೆ. ಅರಸೀಕೆರೆಯ ತೆಂಗಿನ ತೋಟದಲ್ಲಿ ದಿನವಿಡೀ ದುಡಿಯುವ, ಹಳೇಬೀಡಿನ ಬಯಲಿನಲ್ಲಿ ರಾಗಿ ಬೆಳೆಯುವ, ಬೇಲೂರಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಸಣಕಲು ಮೈಯವರಿಗೂ ನಲವತ್ತರ ಆಸುಪಾಸಿನಲ್ಲಿ ಸಕ್ಕರೆ ಕಾಣಿಸಿಕೊಂಡಾಗ ಮನೆಯವರು ಬೆರಗಾಗುತ್ತಾರೆ. ‘ಇವನು ಅಂಥದ್ದೇನು ಉಂಡ, ಇವನಿಗೇಕೆ ಬಂತು?’ ಎಂದು ಕೇಳುತ್ತಾರೆ. ಈ ಪ್ರಶ್ನೆ ಹುರುಳಿಲ್ಲದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಂತೆ ನಮ್ಮ ವಯಸ್ಕರಲ್ಲಿ ಶೇಕಡಾ 11.4ರಷ್ಟು ಮಂದಿಗೆ ಮಧುಮೇಹವಿದೆ. ಇನ್ನೂ ಶೇಕಡಾ 15.3ರಷ್ಟು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಇವರೆಲ್ಲರೂ ಅತಿಯಾಗಿ ಉಂಡವರಲ್ಲ. ಕಾರಣದ ಒಂದು ಎಳೆ ಅವರು ಹುಟ್ಟುವ ಮೊದಲೇ, ತಾಯಿಯ ಗರ್ಭದಲ್ಲಿ ಆರಂಭವಾಗಿರುತ್ತದೆ ಎಂಬುದನ್ನು ಕಳೆದ ಮೂರು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ. ಆ ಸಂಶೋಧನೆಯ ಬಹುಮುಖ್ಯ ಭಾಗವೊಂದು ನಡೆದದ್ದು ನಮಗೆ ದೂರವಲ್ಲದ ಮೈಸೂರಿನಲ್ಲಿ.

ವಿಷಯ ಮೊದಲು ಹೊರಟದ್ದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಎಂಬ ಜಿಲ್ಲೆಯಿಂದ. ಅಲ್ಲಿನ ಸೂಲಗಿತ್ತಿಯರು ಮತ್ತು ದಾದಿಯರು 1911ರಿಂದ ಪ್ರತಿ ಶಿಶುವಿನ ಹುಟ್ಟುತೂಕವನ್ನೂ ಒಂದು ವರ್ಷ ತುಂಬಿದಾಗಿನ ತೂಕವನ್ನೂ ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ದಶಕಗಳ ತರುವಾಯ ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಪುಸ್ತಕಗಳನ್ನು ತೆರೆಸಿದರು. 1920ರಿಂದ 1930ರ ನಡುವೆ ಹುಟ್ಟಿ, ಆಗ ಅರವತ್ನಾಲ್ಕರ ವಯಸ್ಸಿನಲ್ಲಿದ್ದ ಗಂಡಸರನ್ನು ಹುಡುಕಿ ಅವರ ರಕ್ತದ ಸಕ್ಕರೆಯನ್ನು ಅಳೆಯಲಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇಕಡಾ 40 ಮಂದಿಯ ಸಕ್ಕರೆ ಮಿತಿ ಮೀರಿತ್ತು. ನಾಲ್ಕು ಕಿಲೋಗೂ ಸಾಕಷ್ಟು ಮೇಲ್ಪಟ್ಟು ತೂಗಿದವರಲ್ಲಿ ಅದು ಶೇಕಡಾ 14 ಮಾತ್ರ. 1991ರಲ್ಲಿ ಇದು ಪ್ರಕಟವಾದಾಗ ಬಹಳ ಮಂದಿ ವೈದ್ಯರು ನಂಬಲಿಲ್ಲ. ಅರವತ್ತು ವರ್ಷದ ಹಿಂದಿನ ತಕ್ಕಡಿಗೂ ಇಂದಿನ ರಕ್ತಕ್ಕೂ ಎತ್ತಣ ಸಂಬಂಧ ಎಂಬುದು ಅವರ ಆಕ್ಷೇಪ. ಆದರೆ ಬೇರೆ ಬೇರೆ ದೇಶಗಳಲ್ಲಿ ಅದೇ ಫಲ ಮತ್ತೆ ಮತ್ತೆ ಕಂಡುಬಂದಿತು. 2008ರಲ್ಲಿ ಅಂತಹ ಸುಮಾರು ಮೂವತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹುಟ್ಟುತೂಕ ಒಂದು ಕಿಲೋ ಹೆಚ್ಚಿದ್ದರೆ ಮುಂದೆ ಮಧುಮೇಹ ಬರುವ ಸಾಧ್ಯತೆ ಸುಮಾರು ಕಾಲುಭಾಗದಷ್ಟು ತಗ್ಗುತ್ತದೆಂದು ತಿಳಿದುಬಂತು.

ಇದರ ಒಳಮರ್ಮ ಹೀಗಿದೆ. ಗರ್ಭದಲ್ಲಿ ಪೋಷಣೆ ಸಾಲದಾದಾಗ ಭ್ರೂಣವು ಇದ್ದುದನ್ನು ಹಂಚಿಕೊಳ್ಳುವುದರಲ್ಲಿ ಜಿಪುಣತನ ಮಾಡುತ್ತದೆ. ಮೊದಲ ಪಾಲು ಮಿದುಳಿಗೆ. ಸ್ನಾಯು, ಮೂತ್ರಪಿಂಡ, ಮೇದೋಜೀರಕ ಗ್ರಂಥಿಗಳಿಗೆ ಉಳಿದದ್ದು. ಇನ್ಸುಲಿನ್ ಸ್ರವಿಸುವ ಜೀವಕೋಶಗಳು ಬಹುಪಾಲು ರೂಪುಗೊಳ್ಳುವುದು ಗರ್ಭದಲ್ಲಿ ಮತ್ತು ಶೈಶವದಲ್ಲಿ. ಆ ಕಾಲದಲ್ಲಿ ಅವುಗಳ ಸಂಖ್ಯೆ ಕುಗ್ಗಿದರೆ ಮುಂದೆ ಅದನ್ನು ತುಂಬಿಕೊಡುವುದು ಕಷ್ಟ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಅಂಗವೆಂದರೆ ಸ್ನಾಯು. ಅದೂ ಕಡಿಮೆಯಾದರೆ ದೇಹದ ಲೆಕ್ಕ ಆರಂಭದಲ್ಲಿಯೇ ಇಕ್ಕಟ್ಟಿಗೆ ಸಿಕ್ಕುತ್ತದೆ. ನಮ್ಮ ಕಡೆಯ ತೋಟಗಾರರಿಗೆ ಇದನ್ನು ವಿವರಿಸುವುದು ಸುಲಭ. ಎಳೆಯ ತೆಂಗಿನ ಸಸಿ ನೀರಿಲ್ಲದೆ ಸೊರಗಿದರೆ ಅನಂತರ ಎಷ್ಟೇ ಗೊಬ್ಬರ ಸುರಿದರೂ ಅದು ಅಕ್ಕಪಕ್ಕದ ಮರಗಳ ಸಮಕ್ಕೆ ಬರುವುದು ಕಷ್ಟವೆಂದು ಅವರು ಬಲ್ಲರು. ಮಗುವಿನ ವಿಷಯದಲ್ಲಿ ಒಂದು ವ್ಯತ್ಯಾಸವುಂಟು: ಬಡವಾಗಿ ಹುಟ್ಟಿದ ದೇಹಕ್ಕೆ ಅನಂತರ ಸುರಿದ ಗೊಬ್ಬರವೇ ಹಾನಿಯಾಗಬಹುದು. ಅದನ್ನು ಮುಂದೆ ನೋಡೋಣ.

ಇಷ್ಟರಿಂದ ‘ಸಣ್ಣ ಮಗುವಿಗೆ ಸಕ್ಕರೆ, ದೊಡ್ಡ ಮಗುವಿಗೆ ಆರೋಗ್ಯ’ ಎಂದು ಸೂತ್ರ ಕಟ್ಟಿಬಿಡಬಹುದಿತ್ತು. ಮೈಸೂರು ಅದಕ್ಕೆ ಅಡ್ಡಿಬಂದಿತು.

ಮೈಸೂರಿನ ಮಂಡಿ ಮೊಹಲ್ಲೆಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳಬರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಹಾಸನದವರು ಬಲ್ಲ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯೂ ಇದೇ ಪರಂಪರೆಯದು. 1934ರಿಂದ ಆ ಮೈಸೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನೂ, ಜೊತೆಗೆ ತಾಯಿಯ ತೂಕ ಮತ್ತು ಸೊಂಟದ ಮೂಳೆಗಳ ಅಳತೆಯನ್ನೂ ಬರೆದಿಟ್ಟಿದ್ದರು. ಸ್ವಾತಂತ್ರ್ಯಪೂರ್ವದ ಮೈಸೂರು ಸಂಸ್ಥಾನದಲ್ಲಿ, ಹೆರಿಗೆಯ ಗಡಿಬಿಡಿಯ ನಡುವೆ, ಮಗುವಿನ ಉದ್ದವನ್ನೂ ಅಳೆದು ಬರೆದ ಆ ದಾದಿಯರ ಶಿಸ್ತನ್ನು ಕುರಿತು ಯೋಚಿಸಿದರೆ ಗೌರವ ಮೂಡುತ್ತದೆ. ಯಾವ ಪ್ರಯೋಜನಕ್ಕೆಂದು ಅವರಿಗೂ ತಿಳಿದಿರಲಾರದು. ತೊಂಬತ್ತರ ದಶಕದಲ್ಲಿ ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರು ಈ ದಾಖಲೆಗಳನ್ನು ಹಿಡಿದು ಆಸ್ಪತ್ರೆಯ ಸುತ್ತಲ ಬೀದಿಗಳಲ್ಲಿ ಮನೆಮನೆ ವಿಚಾರಿಸಿ, ಅಲ್ಲಿ ಹುಟ್ಟಿ ಇನ್ನೂ ಊರಿನಲ್ಲಿಯೇ ಇದ್ದವರನ್ನು ಪತ್ತೆಮಾಡಿದರು.

ಹೃದ್ರೋಗದ ಮಟ್ಟಿಗೆ ಮೈಸೂರು ಇಂಗ್ಲೆಂಡಿನಂತೆಯೇ ನುಡಿಯಿತು: ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಅದು ಹೆಚ್ಚು. 1996ರಲ್ಲಿ ಅದು ಪ್ರಕಟವಾಯಿತು. ಮಧುಮೇಹದ ಫಲಿತಾಂಶ ಬಂದದ್ದು 1998ರಲ್ಲಿ. ಅದು ಎಲ್ಲರನ್ನೂ ಗೊಂದಲಕ್ಕೆ ಕೆಡವಿತು. 39ರಿಂದ 60 ವರ್ಷದೊಳಗಿನ 506 ಮಂದಿಯನ್ನು ಪರೀಕ್ಷಿಸಿದಾಗ ಕಡಿಮೆ ತೂಕಕ್ಕೂ ಮಧುಮೇಹಕ್ಕೂ ನೇರ ಸಂಬಂಧ ಕಾಣಲಿಲ್ಲ. ಬದಲಾಗಿ, ಹುಟ್ಟಿದಾಗ ಗಿಡ್ಡವಾಗಿದ್ದು ಉದ್ದಕ್ಕೆ ಮೀರಿ ದುಂಡಗಿದ್ದ ಶಿಶುಗಳೇ ಮುಂದೆ ಹೆಚ್ಚಾಗಿ ಮಧುಮೇಹಿಗಳಾಗಿದ್ದರು. ಅವರ ತಾಯಂದಿರು ಉಳಿದವರಿಗಿಂತ ತೂಕವುಳ್ಳವರು.

ಇದಕ್ಕೆ ಸಂಶೋಧಕರು ಕೊಟ್ಟ ವಿವರಣೆ ನಮ್ಮ ಸಮಾಜದ ಚರಿತ್ರೆಯನ್ನೇ ಹೇಳುವಂತಿದೆ. ಸ್ವತಃ ಬಡತನದ ಗರ್ಭದಲ್ಲಿ ಬೆಳೆದು, ಗಿಡ್ಡ ದೇಹವನ್ನು ಪಡೆದ ಹೆಣ್ಣುಮಗಳು ವಯಸ್ಸಿಗೆ ಬಂದ ಮೇಲೆ ಸ್ವಲ್ಪ ಅನುಕೂಲ ಕಂಡು ಮೈತುಂಬಿಕೊಳ್ಳುತ್ತಾಳೆ. ಅವಳ ಮೇದೋಜೀರಕ ಗ್ರಂಥಿಗೆ ಆ ಭಾರವೇ ಹೆಚ್ಚು. ಗರ್ಭ ನಿಂತಾಗ ಎಲ್ಲ ತಾಯಂದಿರಲ್ಲಿಯೂ ಇನ್ಸುಲಿನ್ನಿನ ಬೇಡಿಕೆ ಏರುತ್ತದೆ. ಇವಳ ಗ್ರಂಥಿ ಅದನ್ನು ಪೂರೈಸಲಾರದೆ ಸೋಲುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಸಕ್ಕರೆ ಮಾಸುವಿನ ಮೂಲಕ ಮಗುವಿಗೆ ಹರಿಯುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ಹರಿಯುವುದಿಲ್ಲ. ಹೀಗಾಗಿ ಮಗು ತಾನೇ ಹೆಚ್ಚು ಇನ್ಸುಲಿನ್ ಸ್ರವಿಸಿ, ಬಂದ ಸಕ್ಕರೆಯನ್ನು ಕೊಬ್ಬಾಗಿ ಕೂಡಿಟ್ಟುಕೊಂಡು ದುಂಡಗೆ ಹುಟ್ಟುತ್ತದೆ. ನೋಡಿದವರು ‘ಎಂಥಾ ಪುಷ್ಟಿಯಾದ ಮಗು!’ ಎಂದು ದೃಷ್ಟಿ ತೆಗೆಯುತ್ತಾರೆ.

ಊಹೆ ಸರಿಯೇ ಎಂದು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಮಂದಿ ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ಮಾಡಲಾಯಿತು. ಶೇಕಡಾ 6.2ರಷ್ಟು ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಡಾ. ಜಿ. ವಿ. ಕೃಷ್ಣವೇಣಿ ಮತ್ತು ಅವರ ತಂಡ ಆ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿತು. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬಿನ ಪ್ರಮಾಣವೂ ಇನ್ಸುಲಿನ್ ಮಟ್ಟವೂ ಹೆಚ್ಚಿದ್ದವು; ಒಂಬತ್ತೂವರೆ ವರ್ಷದ ಹೊತ್ತಿಗೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ, ಗಂಡುಮಕ್ಕಳಲ್ಲಿಯೂ ಕಾಣಿಸಿಕೊಂಡಿತು. ತಂದೆಗೆ ಮಧುಮೇಹವಿದ್ದ ಮಕ್ಕಳಲ್ಲಿ ಅದು ಅಷ್ಟು ಪ್ರಬಲವಾಗಿರಲಿಲ್ಲ. ಇಬ್ಬರ ರಕ್ತವೂ ಮಗುವಿಗೆ ಸಮವಾಗಿ ಬರುತ್ತದಾದ್ದರಿಂದ, ಇದು ಬರಿಯ ವಂಶವಾಹಿಯ ಕಥೆಯಲ್ಲ, ಒಂಬತ್ತು ತಿಂಗಳ ಗರ್ಭವಾಸದ ಕಥೆಯೂ ಹೌದು ಎಂಬುದು ಇದರ ಅರ್ಥ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಆ ಹೆಣ್ಣುಮಗು ಬೆಳೆದು ತಾನೂ ತಾಯಿಯಾದಾಗ ಅವಳ ಗರ್ಭದಲ್ಲಿಯೂ ಸಕ್ಕರೆ ಏರುವ ಸಂಭವವಿದೆ. ಆಸ್ತಿಯಂತೆ ಕಾಯಿಲೆಯೂ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಹೀಗೆ.

ಹಾಗಿದ್ದರೆ ಸಣ್ಣ ಮಗುವಿನ ವಿಷಯ ಸುಳ್ಳೇ? ಸುಳ್ಳಲ್ಲ. ಎರಡು ದಾರಿಗಳೂ ಒಂದೇ ಊರಿಗೆ ಸೇರುತ್ತವೆ. ಅಮೆರಿಕದ ಅರಿಜೋನಾದ ಪೀಮಾ ಎಂಬ ಮೂಲನಿವಾಸಿಗಳಲ್ಲಿ 1994ರಷ್ಟು ಹಿಂದೆಯೇ, ತೀರ ಸಣ್ಣದಾಗಿ ಹುಟ್ಟಿದವರಿಗೂ ತೀರ ದೊಡ್ಡದಾಗಿ ಹುಟ್ಟಿದವರಿಗೂ ಮಧುಮೇಹ ಹೆಚ್ಚೆಂದು ಕಂಡುಬಂದಿತ್ತು. ನಮ್ಮ ದೇಶದಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ತೋರಿಸಿಕೊಟ್ಟ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಪುಣೆ ಬಳಿಯ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ ನಮ್ಮವು ಸರಾಸರಿ 2.7 ಕಿಲೋ, ಅವರವು 3.5 ಕಿಲೋ. ಹೊಟ್ಟೆಯೊಳಗಿನ ಅಂಗಗಳು, ಸ್ನಾಯುಗಳು ನಮ್ಮ ಶಿಶುಗಳಲ್ಲಿ ಬಹಳ ಕಡಿಮೆ. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ! ತೆಳ್ಳಗೆ ಕಂಡರೂ ಕೊಬ್ಬುಳ್ಳ ಮಗು. ತೋಟದಲ್ಲಿ ದುಡಿಯುವ ಸಣಕಲು ಮನುಷ್ಯನಿಗೆ ಸಕ್ಕರೆ ಏಕೆ ಬಂತು ಎಂಬುದಕ್ಕೆ ಇಲ್ಲಿ ಒಂದು ಉತ್ತರವಿದೆ. ತಕ್ಕಡಿ ಒಟ್ಟು ಭಾರವನ್ನು ತೋರಿಸುತ್ತದೆ. ಅದರಲ್ಲಿ ಸ್ನಾಯುವೆಷ್ಟು, ಕೊಬ್ಬೆಷ್ಟು ಎಂಬುದನ್ನು ತೋರಿಸುವುದಿಲ್ಲ.

ದೆಹಲಿಯ ಅಧ್ಯಯನವೊಂದನ್ನು ತಾಯಿತಂದೆಯರೂ ಅಜ್ಜಿಯರೂ ವಿಶೇಷವಾಗಿ ಗಮನಿಸಬೇಕು. 1969ರಿಂದ 1972ರ ನಡುವೆ ಹುಟ್ಟಿದ ಮಕ್ಕಳನ್ನು ಬಾಲ್ಯವಿಡೀ ತೂಗಿ ಅಳೆದು, ಯೌವನಕ್ಕೆ ಬಂದ 1492 ಮಂದಿಯನ್ನು ಮತ್ತೆ ಪರೀಕ್ಷಿಸಲಾಯಿತು. 2004ರಲ್ಲಿ ಫಲ ಪ್ರಕಟವಾಯಿತು. ಮೂವತ್ತರ ಒಳಹೊರಗಿನಲ್ಲಿಯೇ ಸಕ್ಕರೆ ಏರಿದವರು ಯಾರೆಂದರೆ, ಎರಡು ವರ್ಷದವರೆಗೆ ತೆಳ್ಳಗಿದ್ದು ಅನಂತರ ಎತ್ತರಕ್ಕೆ ಮೀರಿ ತೂಕ ಏರಿಸಿಕೊಂಡವರು. ಅವರಲ್ಲಿ ಒಬ್ಬರೂ ಹನ್ನೆರಡನೆಯ ವಯಸ್ಸಿಗೆ ಸ್ಥೂಲಕಾಯರಾಗಿರಲಿಲ್ಲ ಎಂಬುದು ಗಮನಾರ್ಹ. ಅಂದರೆ ಡೊಳ್ಳುಹೊಟ್ಟೆಯ ಮಗುವನ್ನು ಮಾತ್ರ ಹುಡುಕುತ್ತಾ ಕುಳಿತರೆ ಅಪಾಯದಲ್ಲಿರುವ ಮಗು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಮನೆಗಳಲ್ಲಿ ಬಡವಾಗಿ ಹುಟ್ಟಿದ ಮೊಮ್ಮಗುವನ್ನು ಬೇಗ ‘ತುಂಬಿಸುವ’ ಹಂಬಲ ಅಜ್ಜಿಯರಿಗೆ ಸಹಜವಾದದ್ದು. ಅದರ ಹಿಂದಿನ ಪ್ರೀತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಿಸ್ಕತ್ತು, ಬೇಕರಿಯ ಬನ್ನು, ಡಬ್ಬಿಯ ಪುಡಿ, ಸಕ್ಕರೆ ಬೆರೆಸಿದ ಹಾಲು ಇವು ಸ್ನಾಯುವನ್ನು ಬೆಳೆಸುವುದಿಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ. ಅನಂತರ ಎರಡು ವರ್ಷದವರೆಗೂ ಹಾಲಿನ ಜೊತೆಗೆ ಬೇಳೆ ಬೆರೆತ ಮೆತ್ತಗಿನ ಅನ್ನ, ರಾಗಿ ಸರಿ, ಮೊಸರು, ಮಸೆದ ಕಾಳು, ಸೊಪ್ಪು. ಮೊದಲ ಎರಡು ವರ್ಷಗಳಲ್ಲಿ ಮಗು ಉದ್ದವಾಗಿ ಬೆಳೆಯುವುದು ಒಳಿತೇ, ಅದಕ್ಕೆ ಬೇಕಾದಷ್ಟು ಉಣಿಸಲೇಬೇಕು. ಅಲ್ಲಿಂದ ಮುಂದೆ ಎತ್ತರವನ್ನೂ ತೂಕವನ್ನೂ ಕೂಡಿಸಿ ನೋಡಬೇಕು. ಅಂಗನವಾಡಿಯಲ್ಲಿ ಮಗುವನ್ನು ತೂಗುವಾಗ ಎತ್ತರವನ್ನೂ ಕೇಳಿ ಬರೆಯಿಸಿಕೊಳ್ಳಿ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆ ಗರ್ಭಿಣಿಯರನ್ನು ಕುರಿತದ್ದು. ‘ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟ’ ಎಂದು ಏಳನೆಯ ತಿಂಗಳ ನಂತರ ಊಟವನ್ನು ಕಡಿಮೆ ಮಾಡಿಸುವ ಮನೆಗಳು ಈಗಲೂ ಇವೆ. ಇದು ಖಂಡಿತ ಕೂಡದು. ಹಾಗೆಯೇ ‘ಇಬ್ಬರ ಊಟ ಉಣ್ಣು’ ಎಂದು ಅನ್ನವನ್ನೇ ಎರಡರಷ್ಟು ಬಡಿಸುವುದೂ ಕೂಡದು. ಬೇಕಾದದ್ದು ಅನ್ನದ ರಾಶಿಯಲ್ಲ. ಕಾಳು, ಬೇಳೆ, ಸೊಪ್ಪು, ಹಾಲು, ಹಣ್ಣು. ಅವರೆ, ಹುರುಳಿ, ಅಲಸಂದೆ, ಹೆಸರು ಇವು ನಮ್ಮ ಹೊಲದಲ್ಲಿಯೇ ಬೆಳೆಯುವಂಥವು. ನುಗ್ಗೆಸೊಪ್ಪು ಹಿತ್ತಲಲ್ಲಿದೆ. ಮುದ್ದೆಯ ಜೊತೆಗೆ ಕಾಳಿಲ್ಲದ ತಿಳಿಸಾರನ್ನೇ ದಿನವೂ ಉಣ್ಣುವ ಗರ್ಭಿಣಿಯ ಹೊಟ್ಟೆ ತುಂಬುತ್ತದೆ, ಮಗುವಿನ ಸ್ನಾಯು ತುಂಬುವುದಿಲ್ಲ.

ಶಾಕಾಹಾರಿಗಳಾದ ನಮ್ಮ ಓದುಗರಿಗೆ ಮೈಸೂರಿನ ಅಧ್ಯಯನದಿಂದ ಬಂದ ಮತ್ತೊಂದು ಸಂಗತಿ ನೇರವಾಗಿ ಸಂಬಂಧಿಸಿದೆ. ಅಲ್ಲಿನ ಗರ್ಭಿಣಿಯರಲ್ಲಿ ಶೇಕಡಾ 43 ಮಂದಿಗೆ ಬಿ12 ಜೀವಸತ್ವದ ಕೊರತೆಯಿತ್ತು. ಕೊರತೆಯುಳ್ಳವರಲ್ಲಿ ಗರ್ಭಕಾಲದ ಮಧುಮೇಹ ಹೆಚ್ಚಾಗಿ ಕಂಡಿತು. ಪುಣೆಯ ಹಳ್ಳಿಗಳಲ್ಲಿಯೂ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರು ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣಗಳಿದ್ದವು. ಇದೇ ಕಾರಣವೆಂದು ಮುದ್ರೆಯೊತ್ತಲು ಇವು ಸಾಲವು. ಆದರೆ ಎಚ್ಚರ ವಹಿಸಲು ಸಾಕು. ಈ ಜೀವಸತ್ವವು ಧಾನ್ಯ, ತರಕಾರಿ, ಕಾಯಿ, ಬೆಲ್ಲ ಯಾವುದರಲ್ಲಿಯೂ ಇಲ್ಲ. ಮಾಂಸ, ಮೊಟ್ಟೆಗಳನ್ನು ಬಿಟ್ಟವರಿಗೆ ಅದು ಸಿಕ್ಕುವುದು ಹಾಲು, ಮೊಸರು, ಮಜ್ಜಿಗೆಗಳಿಂದ ಮಾತ್ರ. ಮನೆಯಲ್ಲಿ ಹಸು ಕಟ್ಟಿ, ಹಾಲನ್ನೆಲ್ಲಾ ಡೇರಿಗೆ ಅಳೆದು, ಸೊಸೆಗೆ ಕರಿಕಾಫಿ ಕೊಡುವ ಮನೆಗಳಿವೆ. ಬಸುರಿಗೂ ಬೆಳೆಯುವ ಹೆಣ್ಣುಮಕ್ಕಳಿಗೂ ದಿನಕ್ಕೆ ಅರ್ಧ ಲೀಟರಿನಷ್ಟು ಹಾಲು, ಮೊಸರನ್ನು ಎತ್ತಿಟ್ಟು ಉಳಿದದ್ದನ್ನು ಡೇರಿಗೆ ಹಾಕುವುದು ಅಸಾಧ್ಯವೇನಲ್ಲ. ಅದಕ್ಕೂ ಅನುಕೂಲವಿಲ್ಲದವರು ವೈದ್ಯರನ್ನು ಕೇಳಿ ಬಿ12 ಮಾತ್ರೆ ತೆಗೆದುಕೊಳ್ಳಬಹುದು. ಕಬ್ಬಿಣದ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಈ ನೆಪದಿಂದ ಬಿಡಬಾರದು. ನುಂಗಿದ ಕೂಡಲೇ ಕಾಫಿ, ಚಹಾ ಕುಡಿಯಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು, ಆರೈಕೆ ಗರ್ಭ ನಿಂತ ಮೇಲೆ ಆರಂಭವಾದರೆ ತಡವೆಂಬುದು. ಮುಂಬಯಿಯ ಕೊಳೆಗೇರಿಗಳ ಆರು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ದಿನವೂ ಒಂದು ತಿಂಡಿ ಕೊಟ್ಟು ನೋಡಿದರು. ಒಂದು ಗುಂಪಿನ ತಿಂಡಿಯಲ್ಲಿ ಸೊಪ್ಪು, ಹಣ್ಣು, ಹಾಲು. ಇನ್ನೊಂದರಲ್ಲಿ ಅಗ್ಗದ ಸಾಮಾನ್ಯ ತರಕಾರಿ. ಒಟ್ಟಾರೆ ಹುಟ್ಟುತೂಕದಲ್ಲಿ ದೊಡ್ಡ ಅಂತರ ಬರಲಿಲ್ಲ. ಬಸುರಿಗೆ ಮೂರು ತಿಂಗಳು ಮೊದಲೇ ಆರಂಭಿಸಿದವರ ಮಕ್ಕಳಲ್ಲಿ ಮಾತ್ರ ಸರಾಸರಿ 48 ಗ್ರಾಂ ಹೆಚ್ಚಿತು. ಆದರೆ ಗರ್ಭಕಾಲದ ಮಧುಮೇಹವು ಶೇಕಡಾ 12.4ರಿಂದ 7.3ಕ್ಕೆ ಇಳಿಯಿತು! ಸೊಪ್ಪು, ಹಣ್ಣು, ಹಾಲು ಸೇರಿದ ಒಂದು ತಿಂಡಿಯಿಂದ ಇಷ್ಟು ಫಲ. ಮದುವೆಗೆ ಬಂದ ಹೆಣ್ಣುಮಗಳ ಒಡವೆಗೆ ಕೂಡಿಡುವ ಹಣದಲ್ಲಿ ಅಲ್ಪಭಾಗ ಅವಳ ತಟ್ಟೆಗೆ ಬಂದರೂ ಸಾಕು. ಹದಿನೆಂಟು ತುಂಬುವ ಮೊದಲೇ, ತನ್ನ ಮೈಯೇ ಇನ್ನೂ ಬೆಳೆಯುತ್ತಿರುವಾಗ, ಅವಳನ್ನು ಧಾರೆಯೆರೆದು ಕಳುಹಿಸುವುದು ಕಾನೂನಿಗೂ ವಿರೋಧ, ಮಗುವಿನ ತೂಕಕ್ಕೂ ವಿರೋಧ.

ಇನ್ನು ಪರೀಕ್ಷೆಯ ವಿಷಯ. ಸರ್ಕಾರದ ನಿಯಮದಂತೆ ಪ್ರತಿ ಗರ್ಭಿಣಿಗೂ ಎರಡು ಬಾರಿ ಸಕ್ಕರೆ ಪರೀಕ್ಷೆಯಾಗಬೇಕು: ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. ಖಾಲಿ ಹೊಟ್ಟೆಯಲ್ಲಿಯೇ ಹೋಗಬೇಕೆಂದಿಲ್ಲ. ಫಲ 140 ಅಥವಾ ಅದಕ್ಕೆ ಮೇಲ್ಪಟ್ಟು ಬಂದರೆ ಅದು ಗರ್ಭಕಾಲದ ಮಧುಮೇಹ. ಮೊದಲ ಪರೀಕ್ಷೆ ಸರಿಯಿತ್ತೆಂದು ಎರಡನೆಯದನ್ನು ತಪ್ಪಿಸುವವರು ಬಹಳ. ಆದರೆ ಸಕ್ಕರೆ ಏರುವುದು ಸಾಮಾನ್ಯವಾಗಿ ಆ ಎರಡನೆಯ ಹೊತ್ತಿಗೇ. ಪತ್ತೆಯಾದರೆ ಹೆದರಬೇಕಾದದ್ದಿಲ್ಲ. ಹೆಚ್ಚಿನವರಿಗೆ ಊಟದ ಬದಲಾವಣೆ, ಉಂಡ ನಂತರದ ನಡಿಗೆ ಇಷ್ಟರಿಂದಲೇ ಹತೋಟಿಗೆ ಬರುತ್ತದೆ. ಉಳಿದವರಿಗೆ ಔಷಧ ಅಥವಾ ಇನ್ಸುಲಿನ್. ಅದನ್ನು ಮಾವನ ಮನೆಯವರಿಂದ ಮುಚ್ಚಿಡುವ, ‘ಸೊಸೆಗೆ ಕಾಯಿಲೆ’ ಎಂದು ಹಣೆಪಟ್ಟಿ ಹಚ್ಚುವ ರೂಢಿ ಮಾತ್ರ ಹೋಗಬೇಕು. ಮುಚ್ಚಿಟ್ಟ ಸಕ್ಕರೆ ಮಗುವಿಗೆ ಹರಿಯುವುದನ್ನು ನಿಲ್ಲಿಸುವುದಿಲ್ಲ.

ಕಡಿಮೆ ತೂಕದಿಂದ ಹುಟ್ಟಿ ಈಗ ದೊಡ್ಡವರಾಗಿರುವ ಓದುಗರು ಇದನ್ನು ಹಣೆಬರಹವೆಂದು ತಿಳಿಯಬಾರದು. ಹುಟ್ಟುತೂಕ ಹಲವು ಕಾರಣಗಳಲ್ಲಿ ಒಂದು ಮಾತ್ರ. ಇಂದಿನ ಸೊಂಟದ ಸುತ್ತಳತೆ, ದುಡಿಮೆ, ನಿದ್ರೆ, ತಟ್ಟೆ ಇವುಗಳ ಪಾತ್ರ ದೊಡ್ಡದು. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡವು ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ಊಟ ಮತ್ತು ನಡಿಗೆಯ ಶಿಸ್ತನ್ನು ಕಲಿಸಿ ಮೂರು ವರ್ಷ ಗಮನಿಸಿದಾಗ, ಕಾಯಿಲೆಗೆ ತುತ್ತಾಗುವವರ ಪ್ರಮಾಣ ಕಾಲುಭಾಗಕ್ಕೂ ಮಿಕ್ಕು ತಗ್ಗಿತು. ಸಣ್ಣದಾಗಿ ಹುಟ್ಟಿದ್ದೇನೆಂದು ತಿಳಿದವರು ಮೂವತ್ತಕ್ಕೇ ವರ್ಷಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳುವುದು ಲೇಸು. ಟ್ರ್ಯಾಕ್ಟರೂ ಬೈಕೂ ಬಂದ ಮೇಲೆ ಹೊಲಕ್ಕೆ ನಡೆಯುವುದು ಕಡಿಮೆಯಾಗಿದೆ, ಮುದ್ದೆಯ ಗಾತ್ರ ಮಾತ್ರ ಅಷ್ಟೇ ಇದೆ. ಇದನ್ನೂ ಸ್ವಲ್ಪ ಯೋಚಿಸಬೇಕು.

ಕೊನೆಯದಾಗಿ ಬಾಣಂತಿಯ ಮಾತು. ಗರ್ಭಕಾಲದಲ್ಲಿ ಸಕ್ಕರೆ ಇದ್ದವಳಿಗೆ ಹೆರಿಗೆಯಾದೊಡನೆ ಅದು ಬಹುತೇಕ ಇಳಿದುಬಿಡುತ್ತದೆ. ಹೋಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಮುಂದೆ ಅವಳಿಗೆ ಮಧುಮೇಹ ಬರುವ ಸಾಧ್ಯತೆ ಇತರ ತಾಯಂದಿರಿಗಿಂತ ಏಳು ಪಟ್ಟಿಗೂ ಹೆಚ್ಚು. ಆರು ವಾರಕ್ಕೆ ಒಂದು ಪರೀಕ್ಷೆ, ಅನಂತರ ವರ್ಷಕ್ಕೊಂದು ಆಗಲೇಬೇಕು. ಆ ಆರನೆಯ ವಾರದಲ್ಲಿ ಅವಳು ತವರಿನಲ್ಲಿ ಬಾಣಂತನದಲ್ಲಿರುತ್ತಾಳೆ. ಕೊಬ್ಬರಿ, ಬೆಲ್ಲ, ತುಪ್ಪದ ಅಂಟಿನುಂಡೆ ಡಬ್ಬಿಗಟ್ಟಲೆ ಸಿದ್ಧವಾಗಿರುತ್ತದೆ. ತಾಯಿ ಕಾರ್ಡು ಗಂಡನ ಮನೆಯ ಬೀರುವಿನಲ್ಲಿರುತ್ತದೆ. ತವರಿನ ಊರಿನ ಆಶಾ ಕಾರ್ಯಕರ್ತೆಗೆ ಇವಳ ಸಕ್ಕರೆಯ ವಿಷಯವೇ ತಿಳಿದಿರುವುದಿಲ್ಲ. ಆದ್ದರಿಂದ ಬಸುರಿಯನ್ನು ಕಳುಹಿಸಿಕೊಡುವಾಗ ಸೀರೆ, ಕುಬಸ, ಹೂವಿನ ಜೊತೆಗೆ ತಾಯಿ ಕಾರ್ಡನ್ನೂ ರಕ್ತಪರೀಕ್ಷೆಯ ಚೀಟಿಗಳನ್ನೂ ಅವಳ ಚೀಲಕ್ಕೆ ಹಾಕಿ ಕಳುಹಿಸಿ. ಮಗುವಿನ ಹುಟ್ಟುತೂಕವನ್ನೂ ಉದ್ದವನ್ನೂ ಅದರಲ್ಲಿ ಬರೆಯಿಸಿಕೊಂಡು, ಜನನಪತ್ರದ ಜೊತೆಗೆ ಎತ್ತಿಡಿ. ನಲವತ್ತು ವರ್ಷದ ನಂತರ ಒಬ್ಬ ವೈದ್ಯರು ಅದನ್ನು ಕೇಳಬಹುದು.